ಮೂವತ್ತಾರರ ಲೆಕ್ಕ

ಕರ್ನಾಟಕದ ವಿಧಾನಸಭೆಗೆ 2013ರಲ್ಲಿ ನಡೆದ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಬಿದ್ದ ಮತಗಳು ಶೇಕಡಾ 36ಕ್ಕೆ ತುಸು ಹೆಚ್ಚು. ದೊರೆತ ಸ್ಥಾನಗಳು 122. ಐದು ವರ್ಷಗಳ ತರುವಾಯ, 2018ರಲ್ಲಿ, ಭಾರತೀಯ ಜನತಾ ಪಕ್ಷಕ್ಕೆ ಬಿದ್ದ ಮತಗಳೂ ಶೇಕಡಾ 36ಕ್ಕೆ ತುಸು ಹೆಚ್ಚು, ಸ್ಥಾನಗಳು 104. ಮತ್ತೆ 2023ರಲ್ಲಿ ಅದೇ ಪಕ್ಷಕ್ಕೆ ಶೇಕಡಾ 36, ಸ್ಥಾನಗಳು 66. ಒಂದೇ ರಾಜ್ಯ, ಒಂದೇ ಸದನ, ಹೆಚ್ಚುಕಡಿಮೆ ಒಂದೇ ಪ್ರಮಾಣದ ಜನಬೆಂಬಲ. ಅದು ಒಮ್ಮೆ ಅಧಿಕಾರದ ಗದ್ದುಗೆಯಾಯಿತು, ಒಮ್ಮೆ ಬಾಗಿಲವರೆಗೆ ಬಂದು ನಿಂತಿತು, ಒಮ್ಮೆ ವಿರೋಧ ಪಕ್ಷದ ಸಾಲಾಯಿತು. ಮುಂಬಯಿಯಲ್ಲಿರುವ ನಮಗೆ ಈ ಅಂಕಿ ಬೇರೆ ಕಾರಣಕ್ಕೂ ಪರಿಚಿತ. ಮರಾಠಿಯಲ್ಲಿ ಇಬ್ಬರ ನಡುವೆ ಹೊಂದಾಣಿಕೆಯಿಲ್ಲವೆಂದರೆ ಅವರದು 'ಛತ್ತೀಸಚಾ ಆಕಡಾ' ಎನ್ನುತ್ತಾರೆ. ನಾಗರಿ ಲಿಪಿಯ ಮೂರು ಮತ್ತು ಆರು ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತಿರುತ್ತವಲ್ಲ, ಅದಕ್ಕೆ. ಮತಕ್ಕೂ ಸ್ಥಾನಕ್ಕೂ ನಮ್ಮಲ್ಲಿರುವ ಸಂಬಂಧ ಬಹುಮಟ್ಟಿಗೆ ಅಂಥದೇ.

ನಮ್ಮ ಬಳಗದಲ್ಲಿ ಚುನಾವಣೆಯ ನ್ಯಾಯದ ಮಾತು ಬಂದಾಗಲೆಲ್ಲ ಚರ್ಚೆ ಯಂತ್ರದ ಸುತ್ತಲೇ ಸುತ್ತುವುದು ರೂಢಿ. ಯಂತ್ರವನ್ನು ನಂಬಬಹುದೇ, ಪಟ್ಟಿಯಿಂದ ಹೆಸರು ಯಾರು ತೆಗೆದರು, ಹಣ ಎಷ್ಟು ಹಂಚಿದರು. ಇವು ಕೇಳಲೇಬೇಕಾದ ಪ್ರಶ್ನೆಗಳು. ಹಣದ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಸಮಾಧಾನದ ಉತ್ತರವಿಲ್ಲ. ಯಂತ್ರದ ವಿಷಯಕ್ಕೆ ಬಂದರೆ, ಬ್ಯಾಂಕಿನಲ್ಲಿ ಅಧಿಕಾರಿಗಳಾಗಿದ್ದು ನಾಲ್ಕಾರು ಬಾರಿ ಮತಗಟ್ಟೆಯ ಹೊಣೆ ಹೊತ್ತ ಮಿತ್ರರೊಬ್ಬರು ನಮ್ಮ ನಡುವೆ ಇದ್ದಾರೆ. ಬೆಳಗಿನ ಜಾವ ಪಕ್ಷಗಳ ಏಜೆಂಟರ ಎದುರು ಕನಿಷ್ಠ 50 ಅಣಕು ಮತಗಳನ್ನು ಹಾಕಿಸಿ, ಎಣಿಸಿ, ಅಳಿಸಿ, ಮೊಹರು ಮಾಡುವುದು; ಸಂಜೆ 17ಸಿ ನಮೂನೆಯಲ್ಲಿ ಒಟ್ಟು ಮತಗಳ ಸಂಖ್ಯೆಯನ್ನು ಬರೆದು ಪ್ರತಿಯೊಬ್ಬ ಏಜೆಂಟನಿಗೂ ಪ್ರತಿ ಕೊಡುವುದು; ಪೆಟ್ಟಿಗೆ ಒಪ್ಪಿಸಿ ರಸೀದಿ ಪಡೆಯುವಷ್ಟರಲ್ಲಿ ನಡುರಾತ್ರಿ ದಾಟುವುದು. ಇದನ್ನೆಲ್ಲ ಅವರು ಶ್ರಾದ್ಧದ ವಿಧಿಗಳನ್ನು ಹೇಳುವಷ್ಟು ಶ್ರದ್ಧೆಯಿಂದ ಹೇಳುತ್ತಾರೆ. ಎಣಿಕೆಯ ದಿನ ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಐದು ಮತಗಟ್ಟೆಗಳ ಕಾಗದದ ಚೀಟಿಗಳನ್ನು ಯಂತ್ರದ ಲೆಕ್ಕದೊಂದಿಗೆ ತಾಳೆ ನೋಡುವ ಕ್ರಮ 2019ರಲ್ಲಿ ಸರ್ವೋಚ್ಚ ನ್ಯಾಯಾಲಯದ ಆದೇಶದಿಂದ ಬಂತು. ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಅದೇ ನ್ಯಾಯಾಲಯ 2024ರಲ್ಲಿ ತಳ್ಳಿಹಾಕಿತು. ಐದು ಸಾಲದೆಂಬುವರು ನಮ್ಮಲ್ಲಿದ್ದಾರೆ, ಸಾಕೆಂಬುವರೂ ಇದ್ದಾರೆ. ಆದರೆ ಈ ಎಲ್ಲ ವಾದವೂ ಎಣಿಕೆ ಪ್ರಾಮಾಣಿಕವೇ ಎಂಬುದರ ಕುರಿತದ್ದು. ಪ್ರತಿಯೊಂದು ಮತವನ್ನೂ ತೂಕದ ಕಲ್ಲಿನಷ್ಟು ನಿಷ್ಠೆಯಿಂದ ಎಣಿಸಿದ ಮೇಲೂ ಮೇಲಿನ ಮೂರು ಮೂವತ್ತಾರುಗಳು ಹಾಗೆಯೇ ಉಳಿಯುತ್ತವೆ. ಅವುಗಳಲ್ಲಿ ಮೋಸವಿಲ್ಲ. ಅವು ನಿಯಮದ ಫಲ.

ಆ ನಿಯಮ ಸರಳ: ಕ್ಷೇತ್ರದಲ್ಲಿ ಉಳಿದ ಎಲ್ಲರಿಗಿಂತ ಒಂದು ಮತ ಹೆಚ್ಚು ಪಡೆದವನು ಗೆದ್ದ, ಮಿಕ್ಕ ಮತಗಳೆಲ್ಲ ಅಲ್ಲಿಗೇ ಮುಗಿದವು. 2004ರಲ್ಲಿ ಚಾಮರಾಜನಗರ ಸೀಮೆಯ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಎ.ಆರ್. ಕೃಷ್ಣಮೂರ್ತಿಯವರನ್ನು ಸೋಲಿಸಿದ್ದು ಅಕ್ಷರಶಃ ಒಂದೇ ಮತದಿಂದ. ತಲಾ 40 ಸಾವಿರಕ್ಕೂ ಹೆಚ್ಚು ಮತಗಳು ಇಬ್ಬರಿಗೂ ಬಿದ್ದಿದ್ದವು. ಒಂದು ಮತದ ಬೆಲೆಯನ್ನು ಹೇಳಲು ಈ ಕಥೆಯನ್ನು ಎಲ್ಲರೂ ಬಳಸುತ್ತಾರೆ. ಸೋತ ಆ 40 ಸಾವಿರ ಮತಗಳ ಬೆಲೆಯೇನು ಎಂದು ಕೇಳುವವರು ಕಡಿಮೆ. 2008ರಲ್ಲಿ ರಾಜ್ಯದಾದ್ಯಂತ ಕಾಂಗ್ರೆಸ್ಸಿಗೆ ಭಾಜಪಕ್ಕಿಂತ ಸುಮಾರು ಶೇಕಡಾ ಒಂದರಷ್ಟು ಹೆಚ್ಚು ಮತ ಬಿತ್ತು. ಸ್ಥಾನಗಳು ಮಾತ್ರ 80 ಮತ್ತು 110. ಮತಗಳು ಎಷ್ಟು ಎಂಬುದಕ್ಕಿಂತ ಅವು ಎಲ್ಲಿ ಕೂಡಿವೆ, ಎಲ್ಲಿ ಚದುರಿವೆ ಎಂಬುದನ್ನು ಈ ಪದ್ಧತಿ ಹೆಚ್ಚು ಗಮನಿಸುತ್ತದೆ.

ಚದುರಿದವರ ವಿಷಯ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ. ಮುಂಬಯಿಯಲ್ಲಿ 36 ವಿಧಾನಸಭಾ ಕ್ಷೇತ್ರಗಳಿವೆ (ಆ ಅಂಕಿ ನಮ್ಮನ್ನು ಬಿಡುವಂತಿಲ್ಲ). ಮಾಟುಂಗಾ, ಘಾಟ್ಕೋಪರ, ಗೋರೆಗಾಂವ್, ಅಂಧೇರಿ, ಮುಲುಂಡ, ನಗರದ ಎಲ್ಲೆಯಾಚೆ ಥಾಣೆ, ಡೊಂಬಿವಲಿ — ಎಲ್ಲ ಕಡೆಯೂ ನಾವಿದ್ದೇವೆ, ಯಾವ ಕಡೆಯೂ ಅಭ್ಯರ್ಥಿಯ ನಿದ್ದೆ ಕೆಡಿಸುವಷ್ಟು ಇಲ್ಲ. ಕನ್ನಡಿಗರು ಇಲ್ಲಿ ನಗರಸೇವಕರೂ ಶಾಸಕರೂ ಆಗಿದ್ದುಂಟು. ಅವರು ಗೆದ್ದದ್ದು ತಮ್ಮ ಪಕ್ಷದ ಬಲದಿಂದ, ತಮ್ಮ ದುಡಿಮೆಯಿಂದ. ಕನ್ನಡದ ಮತದಿಂದಲ್ಲ, ಏಕೆಂದರೆ ಹಾಗೆಂಬ ಮತ ಯಾವ ಕ್ಷೇತ್ರದಲ್ಲೂ ಒಟ್ಟುಗೂಡುವುದಿಲ್ಲ. ಇದಕ್ಕೆ ಪ್ರತಿಯಾಗಿ ಗಡಿಯ ಆ ಬದಿಯನ್ನು ನೋಡಬೇಕು. ಬೆಳಗಾವಿ, ಖಾನಾಪುರಗಳ ಮರಾಠಿ ಭಾಷಿಕರು ಒಂದೆಡೆ ನೆಲೆಸಿದವರು. ಅವರ ಏಕೀಕರಣ ಸಮಿತಿ ದಶಕಗಳ ಕಾಲ ಕರ್ನಾಟಕದ ವಿಧಾನಸಭೆಗೆ ತನ್ನ ಶಾಸಕರನ್ನು ಕಳಿಸಿತು. 2013ರಲ್ಲಿಯೂ ಇಬ್ಬರು ಗೆದ್ದರು. 2018 ಮತ್ತು 2023ರಲ್ಲಿ ಒಬ್ಬರೂ ಇಲ್ಲ. ಅಲ್ಲಿನ ಮರಾಠಿಗರು ಎಲ್ಲಿಗೂ ಗುಳೆ ಹೋಗಿಲ್ಲ. ಅವರ ಮತಗಳು ಬೇರೆ ಬೇರೆ ಚಿಹ್ನೆಗಳಿಗೆ ಹಂಚಿಹೋದವು, ಅಷ್ಟೇ. ಅವರ ಬೇಡಿಕೆಯನ್ನು ನಾವು ಒಪ್ಪುವವರಲ್ಲ. ಆದರೂ ಭಾಷಿಕ ಅಲ್ಪಸಂಖ್ಯಾತರು ಒಟ್ಟಿಗಿದ್ದರೆ ದನಿಯಿದೆ, ಚದುರಿದರೆ ಇಲ್ಲ ಎಂಬುದನ್ನು ಅವರನ್ನೂ ನಮ್ಮನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ತಿಳಿಯುತ್ತದೆ. ಕನ್ನಡ ಮಾಧ್ಯಮದ ಶಾಲೆಯ ಹಾಜರಿ ಪುಸ್ತಕ ವರ್ಷದಿಂದ ವರ್ಷಕ್ಕೆ ತೆಳುವಾಗುವಾಗ 227 ಸದಸ್ಯರ ಮಹಾನಗರಪಾಲಿಕೆಯಲ್ಲಿ ಅದನ್ನು ತನ್ನ ಕ್ಷೇತ್ರದ ಸಂಕಟವೆಂದು ಎತ್ತುವ ಕಾರಣ ಯಾರಿಗಿದೆ?

ನಮ್ಮಲ್ಲಿ ಇನ್ನೂ ಒಂದು ವರ್ಗವುಂಟು: ಇಲ್ಲಿ ದುಡಿದು ಊರಿನಲ್ಲಿ ಹೆಸರು ಉಳಿಸಿಕೊಂಡವರು. 2024ರ ಲೋಕಸಭಾ ಚುನಾವಣೆಯಲ್ಲಿ ಉಡುಪಿ, ದಕ್ಷಿಣ ಕನ್ನಡಗಳು ಮತ ಹಾಕಿದ್ದು ಏಪ್ರಿಲ್ 26ರಂದು, ವಿಜಯಪುರ, ಬೆಳಗಾವಿಗಳು ಮೇ 7ರಂದು, ಮುಂಬಯಿ ಮೇ 20ರಂದು. ಮಾಲೀಕರ ಕೈಕಾಲು ಹಿಡಿದು ನಾಲ್ಕು ದಿನ ರಜೆ ಪಡೆದು ಬಸ್ಸು ಹತ್ತಿದ ಹೋಟೆಲಿನ ಹುಡುಗರು ನಮಗೆ ಗೊತ್ತು. ರಜೆ ಸಿಗದೆ ಗಲ್ಲೆಯ ಹಿಂದೆ ನಿಂತು ಟಿ.ವಿ.ಯಲ್ಲಿ ಊರಿನ ಮತಗಟ್ಟೆಯನ್ನು ನೋಡಿದವರೂ ಗೊತ್ತು. ಮತದಾರನು 'ಸಾಮಾನ್ಯವಾಗಿ ವಾಸಿಸುವ' ಸ್ಥಳದಲ್ಲಿ ಹೆಸರು ನೋಂದಾಯಿಸಬೇಕೆಂದು 1950ರ ಪ್ರಜಾಪ್ರಾತಿನಿಧ್ಯ ಕಾಯ್ದೆ ಹೇಳುತ್ತದೆ. ಹನ್ನೊಂದು ತಿಂಗಳು ಇಲ್ಲಿ, ಒಂದು ತಿಂಗಳು ಅಲ್ಲಿ ಎಂಬವನ ಸಾಮಾನ್ಯ ವಾಸ ಕಾಯ್ದೆಯ ದೃಷ್ಟಿಗೆ ಸ್ಪಷ್ಟ; ಅವನ ದೃಷ್ಟಿಗೆ ಅಲ್ಲ. ಅವನ ಗದ್ದೆಯ ತೋಡು, ಮಗುವಿನ ಶಾಲೆ, ತಾಯಿಯ ಪಿಂಚಣಿ ಎಲ್ಲವೂ ಅಲ್ಲಿವೆ. ವಲಸಿಗರು ಇದ್ದಲ್ಲಿಂದಲೇ ಮತ ಹಾಕಬಲ್ಲ, 72 ಕ್ಷೇತ್ರಗಳವರೆಗೆ ಒಂದೇ ಮತಗಟ್ಟೆಯಲ್ಲಿ ನಿಭಾಯಿಸಬಲ್ಲ ಯಂತ್ರವೊಂದನ್ನು ಚುನಾವಣಾ ಆಯೋಗ 2023ರ ಜನವರಿಯಲ್ಲಿ ಪಕ್ಷಗಳ ಮುಂದಿಟ್ಟಿತು. ಬಹಳಷ್ಟು ವಿರೋಧ ಪಕ್ಷಗಳು ಒಪ್ಪಲಿಲ್ಲ. ದೂರದ ಊರಿನ ಮತಗಟ್ಟೆಯಲ್ಲಿ ಎಲ್ಲ ಅಭ್ಯರ್ಥಿಗಳ ಏಜೆಂಟರು ಹೇಗೆ ಕುಳಿತಾರು ಎಂಬ ಅವರ ಆಕ್ಷೇಪ ಹುಸಿಯಲ್ಲ. ಅಂತೂ ಹುಡುಗರು ಬಸ್ಸು ಹಿಡಿಯುವುದು ತಪ್ಪಲಿಲ್ಲ.

ಎಲ್ಲೆಡೆ ಇದ್ದು ಎಲ್ಲಿಯೂ ಬಹುಸಂಖ್ಯಾತರಾಗದವರ ಪ್ರಶ್ನೆಯನ್ನು ಈ ದೇಶದಲ್ಲಿ ಎಲ್ಲರಿಗಿಂತ ತೀಕ್ಷ್ಣವಾಗಿ ಎತ್ತಿದವರು ಅಂಬೇಡ್ಕರ್. ನಮ್ಮ ಸ್ಥಿತಿಯನ್ನು ಅಸ್ಪೃಶ್ಯರ ಸ್ಥಿತಿಗೆ ಹೋಲಿಸುವ ಉದ್ಧಟತನ ನಮಗಿಲ್ಲ. ನಮ್ಮದು ಅನಾನುಕೂಲ, ಅವರದು ಶತಮಾನಗಳ ದಮನ. ಲೆಕ್ಕದ ಎಳೆಯನ್ನು ಮಾತ್ರ ಹಿಡಿದು ಹೇಳುತ್ತಿದ್ದೇವೆ. ಪ್ರತಿ ಹಳ್ಳಿಯಲ್ಲೂ ಕೇರಿಯಿದೆ, ಯಾವ ಕ್ಷೇತ್ರದಲ್ಲೂ ಬಹುಮತವಿಲ್ಲ. ಅದಕ್ಕೇ ಅವರು ಪ್ರತ್ಯೇಕ ಮತಕ್ಷೇತ್ರ ಕೇಳಿದರು, ಬ್ರಿಟಿಷ್ ಸರಕಾರ 1932ರಲ್ಲಿ ಕೊಟ್ಟಿತು, ಪುಣೆಯ ಯರವಡಾ ಸೆರೆಮನೆಯಲ್ಲಿದ್ದ ಗಾಂಧೀಜಿ ಸೆಪ್ಟೆಂಬರ್ 20ರಂದು ಉಪವಾಸ ಕುಳಿತರು, 24ರಂದು ಪುಣೆ ಒಪ್ಪಂದವಾಯಿತು. ಪ್ರಾಂತಗಳ ಶಾಸನಸಭೆಗಳಲ್ಲಿ ದಲಿತರಿಗೆ 148 ಮೀಸಲು ಸ್ಥಾನಗಳು ಬಂದವು. ಆದರೆ ಆರಿಸುವವರು ಎಲ್ಲರೂ. ಸ್ಥಾನದ ಸಂಖ್ಯೆ ಹೆಚ್ಚಾಯಿತು, ಆ ಸ್ಥಾನದಲ್ಲಿ ಯಾರು ಕೂರಬೇಕೆಂಬ ಕೊನೆಯ ಮಾತು ಬಹುಸಂಖ್ಯಾತರ ಕೈಗೆ ಹೋಯಿತು. ನಮ್ಮ ಪುಣೆಯ ಗೆಳೆಯರು ಯರವಡಾದ ಮುಂದೆ ದಿನವೂ ಹಾದುಹೋಗುತ್ತಾರೆ. ಚುನಾವಣಾ ಪದ್ಧತಿಯ ಬಗ್ಗೆ ನಮ್ಮ ದೇಶದಲ್ಲಿ ನಡೆದ ಅತ್ಯಂತ ಗಂಭೀರ ಚೌಕಾಶಿ ಆ ಗೋಡೆಗಳೊಳಗೆ ಮುಗಿಯಿತು ಎಂಬುದು ಎಷ್ಟು ಜನರಿಗೆ ನೆನಪಿದೆಯೋ ತಿಳಿಯದು.

ಇದರ ಮುಂದಿನ ಭಾಗ ಇನ್ನೂ ವಿಚಿತ್ರ. 1937ರ ಚುನಾವಣೆಯಲ್ಲಿ ಮುಂಬಯಿ ಪ್ರಾಂತದ ಬಹುಸದಸ್ಯ ಕ್ಷೇತ್ರಗಳ ಮತದಾರನು ತನಗಿದ್ದ ಎಲ್ಲ ಮತಗಳನ್ನೂ ಒಬ್ಬನೇ ಅಭ್ಯರ್ಥಿಗೆ ಸುರಿಯಬಹುದಿತ್ತು. ಚದುರಿದವರಿಗೆ ಇದು ದೊಡ್ಡ ಆಸರೆ; ಅಂಬೇಡ್ಕರರ ಸ್ವತಂತ್ರ ಮಜೂರ ಪಕ್ಷ ಆ ವರ್ಷ ಚೆನ್ನಾಗಿಯೇ ಗೆದ್ದಿತು. ಸ್ವತಂತ್ರ ಭಾರತದ ಮೊದಲ ಚುನಾವಣೆಯಲ್ಲಿ ದ್ವಿಸದಸ್ಯ ಕ್ಷೇತ್ರಗಳು ಉಳಿದವು, ಈ ಅನುಕೂಲ ಉಳಿಯಲಿಲ್ಲ: ಒಬ್ಬ ಅಭ್ಯರ್ಥಿಗೆ ಒಂದೇ ಮತ ಎಂದು ಕಾಯ್ದೆ ವಿಧಿಸಿತು. ಉತ್ತರ ಮುಂಬಯಿಯ ಅಂಥ ಕ್ಷೇತ್ರದ ಮೀಸಲು ಸ್ಥಾನದಲ್ಲಿ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು ಕಾಂಗ್ರೆಸ್ಸಿನ ನಾರಾಯಣ ಕಾಜರೋಳ್ಕರರ ಎದುರು 14 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅದೇ 1952ರಲ್ಲಿ ಅವರು ಸಂಸತ್ತನ್ನು ಪ್ರವೇಶಿಸಿದ್ದು ರಾಜ್ಯಸಭೆಯ ಮೂಲಕ, ಮುಂಬಯಿ ರಾಜ್ಯದ ಶಾಸಕರ ಮತಗಳಿಂದ. ಆ ಶಾಸನಸಭೆಯಲ್ಲಿ ಅವರ ಪಕ್ಷದ ಬಲ ತೀರ ಅಲ್ಪ. ಆದರೂ ಸಾಧ್ಯವಾಯಿತು, ಏಕೆಂದರೆ ರಾಜ್ಯಸಭೆಗೆ ನಡೆಯುವುದು ಅನುಪಾತ ಪ್ರಾತಿನಿಧ್ಯದ ಚುನಾವಣೆ. ಸಣ್ಣ ಗುಂಪುಗಳು ಕೂಡಿಕೊಂಡರೆ ಅಲ್ಲಿ ಒಂದು ಸ್ಥಾನ ಹುಟ್ಟುತ್ತದೆ. ಇದರಲ್ಲಿರುವ ವಿಪರ್ಯಾಸವೆಂದರೆ, 1949ರ ಜನವರಿಯಲ್ಲಿ ಸಂವಿಧಾನ ಸಭೆಯಲ್ಲಿ ಕಾಜಿ ಸೈಯದ್ ಕರೀಮುದ್ದೀನ್ ಅವರು ಲೋಕಸಭೆಗೂ ಅಂಥದೇ ಪದ್ಧತಿ ಬೇಕೆಂದು ತಿದ್ದುಪಡಿ ತಂದಾಗ ಅದನ್ನು ನಿರಾಕರಿಸಿ ಉತ್ತರ ಕೊಟ್ಟವರು ಸ್ವತಃ ಅಂಬೇಡ್ಕರ್. ಅಂಕಿಗಳನ್ನು ಗುರುತಿಸಲಾಗದ ನಿರಕ್ಷರ ಮತದಾರನಿಗೆ ಇದು ಒಗ್ಗದು, ಸದನ ಚೂರುಚೂರಾಗಿ ಸರಕಾರ ನಿಲ್ಲದು ಎಂಬುದು ಅವರ ವಾದದ ಸಾರ. ಮೊದಲನೆಯ ಕಾರಣ ಇಂದು ಬಹುಮಟ್ಟಿಗೆ ಸವೆದಿದೆ. ಎರಡನೆಯದು ಸವೆದಿಲ್ಲ.

ಅನುಪಾತ ಪ್ರಾತಿನಿಧ್ಯ ಎಂದೊಡನೆ ಅದು ವಿದೇಶದ ಸರಕು ಎಂದು ಭಾವಿಸುವವರಿಗೆ ನಮ್ಮದೇ ಒಂದು ಲೆಕ್ಕ ಸಾಕು. 2024ರ ಫೆಬ್ರವರಿಯಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ನಾಲ್ಕು ಸ್ಥಾನಗಳಿಗೆ ಚುನಾವಣೆ ನಡೆಯಿತು. 224 ಶಾಸಕರು, ನಾಲ್ಕು ಸ್ಥಾನ. 224ನ್ನು ಐದರಿಂದ ಭಾಗಿಸಿ ಒಂದನ್ನು ಕೂಡಿಸಿದರೆ ಒಬ್ಬರ ಗೆಲುವಿಗೆ ಬೇಕಾದದ್ದು 45 ಮತ. ಕಾಂಗ್ರೆಸ್ಸಿಗೆ 135 ಶಾಸಕರು ಗೆದ್ದಿದ್ದರು, ಅಂದರೆ ಸರಿಯಾಗಿ ಮೂರು ನಲವತ್ತೈದು. ಮೂರು ಸ್ಥಾನ ಗೆದ್ದರು. ಭಾಜಪದ 66ಕ್ಕೆ ಒಂದು ಸ್ಥಾನ ಬಂತು. ಭಾಜಪದ ಹೆಚ್ಚುವರಿ ಮತ ಮತ್ತು ಜಾತ್ಯತೀತ ಜನತಾದಳದ 19 ಸೇರಿದರೂ 45 ಆಗದೆ ಐದನೆಯ ಅಭ್ಯರ್ಥಿ ಸೋತರು. ಸಾಮಾನ್ಯ ಚುನಾವಣೆಯ ನಿಯಮವಾಗಿದ್ದರೆ ಕಾಂಗ್ರೆಸ್ಸು ನಾಲ್ಕನ್ನೂ ಒಯ್ಯುತ್ತಿತ್ತು. ಶಾಸಕರು ತಮ್ಮೊಳಗಿನ ಚುನಾವಣೆಗೆ ನ್ಯಾಯವೆಂದು ಒಪ್ಪಿಕೊಂಡ ಕ್ರಮವನ್ನು ಮತದಾರರಿಗೆ ಮಾತ್ರ ಜಟಿಲವೆನ್ನುವುದರಲ್ಲಿ ನಮಗೆ ಸ್ವಲ್ಪ ದಾಕ್ಷಿಣ್ಯದ ಕೊರತೆ ಕಾಣುತ್ತದೆ.

ಹಾಗೆಂದು ಈ ಪದ್ಧತಿಯನ್ನು ತಂದ ದೇಶಗಳಲ್ಲಿ ಎಲ್ಲವೂ ನೇರವಾಯಿತೆಂದು ಹೇಳಲಾಗದು. ಸಿಂಹಳದ ಕಥೆ ನಮಗೆ ಹತ್ತಿರದ್ದು. ಅಲ್ಲಿ 1970ರಲ್ಲಿ ಸಂಯುಕ್ತ ರಾಷ್ಟ್ರೀಯ ಪಕ್ಷಕ್ಕೆ ಎಲ್ಲರಿಗಿಂತ ಹೆಚ್ಚು, ಶೇಕಡಾ 38ರಷ್ಟು ಮತ ಬಿದ್ದರೂ ದೊರೆತದ್ದು ಕೇವಲ 17 ಸ್ಥಾನ. ಅದಕ್ಕಿಂತ ಕಡಿಮೆ ಮತ ಪಡೆದ ಸಿರಿಮಾವೊ ಬಂಡಾರನಾಯಕೆಯವರ ಪಕ್ಷಕ್ಕೆ 91. ಏಳು ವರ್ಷಗಳ ನಂತರ ಲೋಲಕ ಆ ತುದಿಗೆ ಹೋಯಿತು: ಶೇಕಡಾ 51ರಷ್ಟು ಮತಕ್ಕೆ 168ರಲ್ಲಿ 140 ಸ್ಥಾನ. ಆ ಅಗಾಧ ಬಲದಿಂದ ಜಯವರ್ಧನೆಯವರು 1978ರ ಸಂವಿಧಾನವನ್ನು ತಂದರು; ಅದರಲ್ಲಿ ಅನುಪಾತ ಪ್ರಾತಿನಿಧ್ಯವೂ ಇತ್ತು, ಸಂಸತ್ತಿಗಿಂತ ಮೇಲೆ ಕೂರುವ ಕಾರ್ಯಕಾರಿ ರಾಷ್ಟ್ರಪತಿಯೂ ಇದ್ದರು. ಸದನ ಜನರಿಗೆ ಹೆಚ್ಚು ಹೋಲುವಂತಾಯಿತು, ಅಧಿಕಾರ ಸದನದಿಂದ ಹೊರಗೆ ನಡೆಯಿತು. ಜರ್ಮನಿಯಲ್ಲಿ ಪಟ್ಟಿಯ ಸ್ಥಾನ ಪಡೆಯಲು ಸಾಮಾನ್ಯವಾಗಿ ಶೇಕಡಾ 5 ಮತ ಬೇಕು. 2025ರಲ್ಲಿ ಅಲ್ಲಿನ ಹೊಸ ಪಕ್ಷವೊಂದು ಶೇಕಡಾ 4.98ರಲ್ಲಿ ನಿಂತು ಒಂದೂ ಸ್ಥಾನವಿಲ್ಲದೆ ಹೊರಗುಳಿಯಿತು. ಅದಲ್ಲದೆ ಹೊಸ ತಿದ್ದುಪಡಿಯ ಪ್ರಕಾರ, ತಂತಮ್ಮ ಕ್ಷೇತ್ರದಲ್ಲಿ ಮೊದಲಿಗರಾಗಿ ಬಂದ 23 ಮಂದಿಗೆ, ಪಕ್ಷದ ಪಾಲು ಮುಗಿದಿತ್ತೆಂಬ ಕಾರಣಕ್ಕೆ, ಸಂಸತ್ತಿನಲ್ಲಿ ಕುರ್ಚಿ ಸಿಗಲಿಲ್ಲ.

ಈ 23 ಮಂದಿಯ ಸುದ್ದಿಯೇ ನಮ್ಮ ಬಳಗವನ್ನು ಇಬ್ಭಾಗ ಮಾಡಿದ್ದು. ನಮ್ಮ ಹಿರಿಯರೊಬ್ಬರು, ಬೈಂದೂರಿನ ಕಡೆಯವರು, ಐವತ್ತು ವರ್ಷ ಮುಂಬಯಿಯ ಮಳೆ ಕಂಡವರು, ಅಂದು ಬಹಳ ಹೊತ್ತು ಸುಮ್ಮನಿದ್ದು ಕೇಳಿದರು: "ಆ ಪಟ್ಟಿ ಬರೆಯುವುದು ಯಾರು ಮಾರಾಯ್ರೆ? ಚಾಳಿನ ಮೋರಿ ಕಟ್ಟಿದರೆ ನಾನು ಯಾರ ಮನೆ ಬಾಗಿಲು ತಟ್ಟಬೇಕು?" ಇದಕ್ಕೆ ಬಾಯಿಗೆ ಬಂದ ಉತ್ತರ ಸಾಲದು. ಪಟ್ಟಿಯನ್ನು ಬರೆಯುವುದು ಪಕ್ಷದ ವರಿಷ್ಠರು. ವರಿಷ್ಠರ ಕೃಪೆ ಈಗಲೇ ಹೆಚ್ಚಾಗಿರುವ ನಾಡಿನಲ್ಲಿ ಅದನ್ನು ಇನ್ನಷ್ಟು ಹೆಚ್ಚಿಸಿದಂತಾಗುತ್ತದೆ. ಬಹುಸದಸ್ಯ ಕ್ಷೇತ್ರಗಳ ಅನುಭವವೂ ಪುಣೆಯವರಿಗಿದೆ: 2017ರಲ್ಲಿ ಅಲ್ಲಿನ ಪಾಲಿಕೆಯ 162 ಸ್ಥಾನಗಳಲ್ಲಿ ಹೆಚ್ಚಿನವು ನಾಲ್ಕು ಸದಸ್ಯರ ಪ್ರಭಾಗಗಳಿಂದ ಬಂದವು. ಆದರೆ ನಾಲ್ಕು ಸ್ಥಾನಗಳಿಗೂ ಬೇರೆ ಬೇರೆ ಪೈಪೋಟಿ, ಪ್ರತಿಯೊಂದಕ್ಕೂ ಹಳೆಯ ನಿಯಮವೇ; ಬಲವಾದ ಪಕ್ಷ ನಾಲ್ಕನ್ನೂ ಒಯ್ಯಬಹುದು, ಚರಂಡಿಗೆ ಹೊಣೆ ಯಾರೆಂದು ಕೇಳಿದರೆ ನಾಲ್ವರೂ ಪರಸ್ಪರರತ್ತ ಬೆರಳು ತೋರಿಸಬಹುದು. ಎರಡೂ ಕಡೆಯ ನಷ್ಟವನ್ನು ಒಟ್ಟಿಗೆ ಅನುಭವಿಸುವ ಈ ಉಪಾಯ ಯಾರಿಗೆ ಹೊಳೆಯಿತೋ!

ಸರಕಾರದ ಬಗೆಯ ಕುರಿತು ನಮ್ಮಲ್ಲಿ ಅಷ್ಟು ಜಗಳವಿಲ್ಲ. ಅಮೆರಿಕದ ಮಾದರಿಯ ರಾಷ್ಟ್ರಪತಿ ಪದ್ಧತಿ ಬಂದರೆ ಶಾಸಕರ ರಾಜೀನಾಮೆಯ ನಾಟಕ ನಿಲ್ಲುತ್ತದೆ ಎನ್ನುವ ತರುಣರು ಇಬ್ಬರಿದ್ದಾರೆ. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರ ಸರಕಾರ ಎರಡೇ ದಿನ ಬಾಳಿದ್ದು, 2019ರ ಜುಲೈಯಲ್ಲಿ ಕುಮಾರಸ್ವಾಮಿಯವರ ಸರಕಾರ ಶಾಸಕರ ರಾಜೀನಾಮೆಗಳಿಂದ ಬಿದ್ದದ್ದು, 17 ಮಂದಿ ಅನರ್ಹರಾದದ್ದು ಅವರ ವಾದಕ್ಕೆ ಇಂಬು ಕೊಡುತ್ತದೆ. ಅಂಬೇಡ್ಕರರು 1948ರ ನವೆಂಬರಿನಲ್ಲಿ ಕರಡನ್ನು ಮಂಡಿಸುತ್ತ ಸ್ಥಿರತೆ ಮತ್ತು ಹೊಣೆಗಾರಿಕೆ ಎರಡನ್ನೂ ಸಮನಾಗಿ ಕೊಡುವ ಪದ್ಧತಿ ಇನ್ನೂ ದೊರೆತಿಲ್ಲವೆಂದೂ, ಸಂಸದೀಯ ಪದ್ಧತಿ ಹೊಣೆಗಾರಿಕೆಯತ್ತ ಹೆಚ್ಚು ವಾಲುತ್ತದೆಂದೂ ವಿವರಿಸಿದ್ದರು. ದಿನದಿನವೂ ಪ್ರಶ್ನೆಗೆ ಸಿಕ್ಕಿಬೀಳುವ ಸರಕಾರವೇ ಮೇಲೆಂದು ನಮ್ಮಲ್ಲಿ ಹೆಚ್ಚಿನವರ ನಂಬುಗೆ. ನಾಲ್ಕು ವರ್ಷ ಅಲುಗಾಡಿಸಲಾಗದ ಒಬ್ಬನನ್ನು ಆರಿಸುವಾಗಲೂ ಲೆಕ್ಕ ಕೈಕೊಡುವುದುಂಟು: 2016ರಲ್ಲಿ ಅಮೆರಿಕದಾದ್ಯಂತ 28 ಲಕ್ಷಕ್ಕೂ ಹೆಚ್ಚು ಮತಗಳ ಮುನ್ನಡೆಯಿದ್ದ ಹಿಲರಿ ಕ್ಲಿಂಟನ್ ಸೋತರು.

ಮಧ್ಯದ ದಾರಿಯೊಂದನ್ನು ನಮ್ಮ ಕಾನೂನು ಆಯೋಗವೇ 1999ರಲ್ಲಿ ತನ್ನ 170ನೆಯ ವರದಿಯಲ್ಲಿ ಬರೆದಿಟ್ಟಿದೆ. ಈಗಿನ ಲೋಕಸಭಾ ಕ್ಷೇತ್ರಗಳನ್ನು ಹಾಗೆಯೇ ಇಟ್ಟು, ಅವುಗಳ ಮೇಲೆ ಸುಮಾರು ಕಾಲುಭಾಗದಷ್ಟು ಹೆಚ್ಚಿನ ಸ್ಥಾನಗಳನ್ನು ಸೃಷ್ಟಿಸಿ, ಅವನ್ನು ಪಕ್ಷಗಳಿಗೆ ಬಿದ್ದ ಮತಗಳ ಪ್ರಮಾಣದಲ್ಲಿ ಪಟ್ಟಿಯಿಂದ ತುಂಬುವುದು. ಮೋರಿ ಕಟ್ಟಿದಾಗ ತಟ್ಟಲು ಬಾಗಿಲೂ ಉಳಿಯಿತು, ಚದುರಿದ ಮತ ಪೂರ್ತಿ ಮಣ್ಣುಪಾಲಾಗುವುದೂ ತಪ್ಪಿತು. ವರದಿ ಬಂದು ಕಾಲು ಶತಮಾನ ದಾಟಿದೆ. ಹಳೆಯ ನಿಯಮದಿಂದ ಗೆದ್ದು ಬಂದವರು ಆ ನಿಯಮವನ್ನು ತಿದ್ದಲು ಮನಸ್ಸು ಮಾಡುವುದು ಕಷ್ಟ. ನ್ಯೂಜಿಲೆಂಡಿನಲ್ಲಿ 1993ರಲ್ಲಿ ಅದನ್ನು ಬದಲಿಸಿದ್ದು ಜನಮತಗಣನೆ. 2026ರ ನಂತರದ ಜನಗಣತಿಯ ಆಧಾರದಲ್ಲಿ ರಾಜ್ಯಗಳಿಗೆ ಸ್ಥಾನಗಳನ್ನು ಮರುಹಂಚುವ ಮಾತು ಈಗ ದಕ್ಷಿಣದವರನ್ನೆಲ್ಲ ಕಾಡುತ್ತಿದೆ. ಕರ್ನಾಟಕಕ್ಕೆ 28 ಉಳಿಯುತ್ತದೆಯೇ, ಉತ್ತರ ಪ್ರದೇಶದ 80 ಎಷ್ಟಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಸ್ಥಾನಗಳು ಹೇಗೂ ಹೆಚ್ಚುವುದಾದರೆ ಹೆಚ್ಚಿದ ಪಾಲಿನ ಒಂದಂಶವನ್ನಾದರೂ ಈ ಕ್ರಮದಲ್ಲಿ ತುಂಬಬಾರದೇಕೆ ಎಂದು ಕೇಳಲು ಇದಕ್ಕಿಂತ ಒಳ್ಳೆಯ ಗಳಿಗೆ ಒದಗದು ಎಂಬುದು ನಮ್ಮ ಅಭಿಪ್ರಾಯ. ಹಿರಿಯರು ಇದನ್ನು ಅರ್ಧ ಒಪ್ಪಿದ್ದಾರೆ. ಪಟ್ಟಿಯಲ್ಲಿ ಮತದಾರನಿಗೂ ಹೆಸರನ್ನು ಮೇಲೆ ಕೆಳಗೆ ಮಾಡುವ ಅಧಿಕಾರ ಬೇಕೆಂಬುದು ಅವರ ಷರತ್ತು.

ಈ ನಡುವೆ ನಮ್ಮಲ್ಲಿ ಇಬ್ಬರು ನಮೂನೆ 8 ತುಂಬಿ ಊರಿನ ಪಟ್ಟಿಯಿಂದ ಇಲ್ಲಿನ ಪಟ್ಟಿಗೆ ಹೆಸರು ಬದಲಿಸಿಕೊಂಡರು. ಮೂರನೆಯವರು, ಹೋಟೆಲಿನ ಗಲ್ಲೆಯಲ್ಲಿ ಕೂರುವವರು, ಅರ್ಜಿಯನ್ನು ಒಂದು ವಾರ ಜೇಬಿನಲ್ಲಿಟ್ಟುಕೊಂಡು ಓಡಾಡಿ ಹಿಂದಿರುಗಿಸಿದರು. ಮುಂದಿನ ಚುನಾವಣೆಗೂ ಬಸ್ಸಿನಲ್ಲೇ ಹೋಗುತ್ತಾರಂತೆ.